ಕ್ಯೋಟೋದಲ್ಲಿ ಮೂರು ದಿನ

ಮಿಷಿಗನ್ನಿನ ಸೌತ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟಿಗೆ ಊಟಕ್ಕೆ ಬಂದವರು ಜಪಾನ್ ನೋಡದೆ ವಾಪಸು ಹೋಗುವ ಹಾಗಿರಲಿಲ್ಲ. ಊಟ ಮುಗಿದು ಎಲ್ಲರೂ ಹಾಲಿನಲ್ಲಿ ಸೋಂಪು ಅಗಿಯುತ್ತ ಕುಳಿತರೆಂದರೆ ನಮ್ಮ ಮನೆಯವರು ಎದ್ದು ಕಿಟಕಿಯ ಪರದೆ ಎಳೆಯುತ್ತಿದ್ದರು. ಗೋಡೆಯ ಮೇಲಿನ ಕ್ಯಾಲೆಂಡರ್ ಕೆಳಗಿಳಿಯುತ್ತಿತ್ತು. ಪ್ರೊಜೆಕ್ಟರಿನ ದುಂಡನೆಯ ತಟ್ಟೆಯಲ್ಲಿ ಎಂಬತ್ತು ಸ್ಲೈಡುಗಳು. ಒಂದೊಂದು ಸಲ ಕಟಕ್ ಎಂದಾಗಲೂ ಗೋಡೆಯ ಮೇಲೆ ಒಂದು ಜಪಾನ್.

ಎಂಬತ್ತರಲ್ಲಿ ಹನ್ನೊಂದರಲ್ಲಿ ನಾನಿದ್ದೇನೆ. ಹನ್ನೊಂದರಲ್ಲೂ ಬಾಗಿಲ ಹೊರಗೆ ನಿಂತಿದ್ದೇನೆ.

"ಇದು ಗೇಟ್ ನಂಬರ್ ಒನ್," ಎನ್ನುತ್ತಿದ್ದರು ಇವರು. "ಆ ಕಡೆ ಈ ಕಡೆ ಇರೋರು ದ್ವಾರಪಾಲಕರು. ಮಧ್ಯೆ ಹಸಿರು ಸೀರೆ ನಮ್ಮನೆಯವರು." ಜನ ನಗುತ್ತಿದ್ದರು. ಕಟಕ್. "ಇದು ಗೇಟ್ ನಂಬರ್ ಟೂ. ದೇವಸ್ಥಾನ ಬೇರೆ, ಸೀರೆ ಬೇರೆ, ಕಾವಲು ಮಾತ್ರ ಅದೇ. ಇಡೀ ಕ್ಯೋಟೋ ಊರಿನ ಬಾಗಿಲು ಕಾಯ್ದಿದಾರೆ ಇವರು, ಒಂದರ ಒಳಗೂ ಕಾಲಿಟ್ಟಿಲ್ಲ."

ನಾನೂ ನಗುತ್ತಿದ್ದೆ. ಕತ್ತಲಲ್ಲಿ ನಗುವುದಕ್ಕೆ ಬರೀ ಸದ್ದು ಸಾಕು. ಒಳಗೊಳಗೇ ಕುದಿಯುತ್ತಿತ್ತು. ನಾನು ಯಾಕೆ ಒಳಗೆ ಹೋಗಲಿಲ್ಲ ಎನ್ನುವುದು ಗೊತ್ತಿದ್ದೂ ಅದನ್ನು ಹತ್ತು ಜನರ ಮುಂದೆ ತಮಾಷೆ ಮಾಡುವ ಗಂಡಸು ಎಂಥವನು? ಆರು ವರ್ಷದಿಂದ ಈ ಪ್ರಶ್ನೆಯನ್ನು ನಾನು ಯಾರಿಗೂ ಕೇಳಿರಲಿಲ್ಲ, ಇವರಿಗಂತೂ ಇಲ್ಲವೇ ಇಲ್ಲ.

ನಮ್ಮ ಮದುವೆಯಾದದ್ದು ಎಪ್ಪತ್ತರ ಅಕ್ಟೋಬರಿನಲ್ಲಿ, ಮೈಸೂರಿನಲ್ಲಿ. ಮೂರು ವಾರದ ರಜೆಯಲ್ಲಿ ಬಂದವರು ಹೆಣ್ಣು ನೋಡಿ, ತಾಳಿ ಕಟ್ಟಿ, ನನ್ನ ವೀಸಾ ಕಾಗದಕ್ಕೆ ಮದ್ರಾಸಿಗೆ ಎರಡು ಸಲ ಓಡಾಡಿದರು. ವಾಪಸು ಹೋಗುವ ಟಿಕೆಟ್ಟು ಟೋಕಿಯೋ ಮೇಲಿಂದ ಇತ್ತು. ದಾರಿಯಲ್ಲಿ ಬೇಕಾದರೆ ಇಳಿದು ಐದು ದಿನ ಇರಬಹುದು ಎಂದು ಏಜೆಂಟ್ ಹೇಳಿದನಂತೆ. "ಜಪಾನ್ ನೋಡೋಣ್ವಾ?" ಎಂದು ಇವರು ನನ್ನನ್ನು ಕೇಳಿದರು. ಮದುವೆಯಾದ ಮೇಲೆ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ನನಗೆಷ್ಟು ಸಂತೋಷವಾಯಿತೆಂದರೆ ಉತ್ತರ ಕೊಡುವುದೇ ಮರೆತೆ. ತಲೆ ಆಡಿಸಿದೆ, ಅಷ್ಟೆ.

ಟೋಕಿಯೋದಿಂದ ಕ್ಯೋಟೋಗೆ ಹೋಗುವ ರೈಲಿನಲ್ಲಿ ಕಿಟಕಿಯ ಪಕ್ಕ ನನ್ನನ್ನು ಕೂರಿಸಿದರು. ಫ್ಯೂಜಿ ಪರ್ವತ ಬಲಗಡೆ ಬರುತ್ತದೆ ಎಂದು ಪುಸ್ತಕದಲ್ಲಿ ಓದಿಕೊಂಡಿದ್ದರು. ಅದು ಬಂತು, ಹಿಮದ ಟೋಪಿ ಹಾಕಿಕೊಂಡು, ಎಷ್ಟು ಓಡಿದರೂ ನಮ್ಮ ಜೊತೆಯಲ್ಲೇ ಬಂತು. ಆಗಲೇ ನನಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ದಿನ ಎಣಿಸಿದೆ. ಮದುವೆಯ ಗಡಿಬಿಡಿಯಲ್ಲಿ ಲೆಕ್ಕ ತಪ್ಪಿತ್ತು.

ಮೈಸೂರಿನ ನಮ್ಮ ಮನೆಯಲ್ಲಿ ಅಜ್ಜಿ, ಅಮ್ಮ, ಇಬ್ಬರು ಅತ್ತೆಯರು, ನಾನು, ತಂಗಿ ಹೀಗೆ ಆರು ಜನ ಹೆಂಗಸರು. ಆ ಮನೆಯಲ್ಲಿ ಯಾರಾದರೊಬ್ಬರು ಹೊರಗಿಲ್ಲದ ವಾರವೇ ಇರುತ್ತಿರಲಿಲ್ಲ. ಹೊರಗಿದ್ದವರಿಗೆ ಹಿತ್ತಲ ಕಡೆಯ ಕೋಣೆ, ಬೇರೆ ಚಾಪೆ, ಬೇರೆ ತಟ್ಟೆಲೋಟ. ಮೂರು ದಿನ ದೇವರ ಮನೆಯ ಕಡೆ ತಲೆ ಹಾಕುವ ಹಾಗಿಲ್ಲ, ನಾಲ್ಕನೆಯ ದಿನ ತಲೆಗೆ ಸ್ನಾನ. ಐದು ವರ್ಷದ ಪುಟ್ಟ ಮಕ್ಕಳಿಗೂ ಗೊತ್ತಿತ್ತು, "ಅತ್ತೇನ ಮುಟ್ಬೇಡ, ಹೊರಗಿದಾಳೆ" ಎಂದರೆ ಏನೆಂದು. ಆ ಒಂದು ಪದ ಹೇಳಿದರೆ ಸಾಕು, ಮುಂದೆ ಯಾರೂ ಏನೂ ಕೇಳುತ್ತಿರಲಿಲ್ಲ.

ಕ್ಯೋಟೋದ ಮೊದಲ ದೇವಸ್ಥಾನದ ಬಾಗಿಲಲ್ಲಿ ಇವರು "ಬಾ" ಎಂದಾಗ ನಾನು ತಲೆ ತಗ್ಗಿಸಿ ಹೇಳಿದೆ, "ನಾನು ಹೊರಗಿದೀನಿ."

"ಯಾಕೆ?" ಎಂದರು.

ಕಿವಿಯವರೆಗೂ ಬಿಸಿಯಾಯಿತು. ಕಟ್ಟಿಕೊಂಡ ಹೆಂಡತಿಯನ್ನು ಬೀದಿಯಲ್ಲಿ ನಿಲ್ಲಿಸಿ ಯಾಕೆ ಎಂದು ಕೇಳುವುದೇ? ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡೆ. "ಯಾಕೆ ಅಂದ್ರೆ? ಹೊರಗೆ, ಅಷ್ಟೆ. ನೀವು ಹೋಗ್ಬನ್ನಿ," ಎಂದೆ. ಇವರು ಒಂದು ಗಳಿಗೆ ನಿಂತು ನನ್ನನ್ನು ನೋಡಿದರು. ಆಮೇಲೆ ಒಂದೇ ಟಿಕೆಟ್ ಕೊಂಡು ಒಳಗೆ ಹೋದರು.

ಹೀಗೆ ಮೂರು ದಿನ. ಬೆಟ್ಟದ ಮೇಲಿನ ಮರದ ಅಟ್ಟಣೆಯ ದೇವಸ್ಥಾನ, ಕೊಳದ ಅಂಚಿನ ಚಿನ್ನದ ಮಂಟಪ, ಪಕ್ಕದ ನಾರಾ ಊರಿನ ದೊಡ್ಡ ಬುದ್ಧ ಎಲ್ಲವನ್ನೂ ಇವರು ಒಳಗೆ ಹೋಗಿ ನೋಡಿದರು. ನಾನು ಬಾಗಿಲುಗಳನ್ನು ನೋಡಿದೆ. ಹಳದಿ ಟೋಪಿಯ ಶಾಲೆಯ ಮಕ್ಕಳು ಸಾಲಾಗಿ ಬಂದು, ನನ್ನ ಹಣೆಯ ಕುಂಕುಮವನ್ನು ಒಬ್ಬರಿಗೊಬ್ಬರು ತೋರಿಸಿಕೊಂಡು ಹೋಗುತ್ತಿದ್ದರು. ನಾರಾದಲ್ಲಿ ಜಿಂಕೆಗಳು ತಲೆ ಬಗ್ಗಿಸಿ ಬಿಸ್ಕತ್ತು ಕೇಳುತ್ತಿದ್ದವು. ಕೈಯಲ್ಲಿ ಏನೂ ಇಲ್ಲವೆಂದು ತಿಳಿದ ಮೇಲೂ ಒಂದು ಜಿಂಕೆ ನನ್ನ ಪಕ್ಕದಲ್ಲೇ ನಿಂತಿತ್ತು.

ಮೂರನೆಯ ದಿನ ಹೋದದ್ದು ಒಂದು ಬಲು ಉದ್ದನೆಯ ಗುಡಿಗೆ. ಅದರೊಳಗೆ ಸಾವಿರದ ಒಂದು ಮೂರ್ತಿಗಳಿವೆಯಂತೆ, ಎಲ್ಲವೂ ಕರುಣೆಯ ದೇವತೆಯವು, ಒಂದರ ಮುಖದ ಹಾಗೆ ಇನ್ನೊಂದರದ್ದಿಲ್ಲವಂತೆ. ಒಳಗೆ ಫೋಟೋ ತೆಗೆಯುವ ಹಾಗಿಲ್ಲ ಎಂದು ಬೋರ್ಡ್ ಇತ್ತು. "ಇಲ್ಲಿಗಾದ್ರೂ ಬಾ," ಎಂದರು ಇವರು. ಆ "ಆದ್ರೂ" ಎನ್ನುವಾಗ ದನಿ ಸಣ್ಣಗಾಗಿತ್ತು. "ಹೇಳಿದ್ನಲ್ಲ," ಎಂದೆ ನಾನು. ಬಾಗಿಲಲ್ಲಿ ಎಲೆ ಗುಡಿಸುತ್ತಿದ್ದ ಒಬ್ಬ ಗೂನುಬೆನ್ನಿನ ಮುದುಕಿ ನನಗೊಂದು ಸ್ಟೂಲು ತಂದುಕೊಟ್ಟಳು. ಒಳಗೆ ಕೈ ತೋರಿಸಿ ಹೋಗು ಹೋಗು ಎಂದು ಸನ್ನೆ ಮಾಡಿದಳು. ನಾನು ತಲೆ ಅಲ್ಲಾಡಿಸಿದೆ. ಈ ಊರಿನ ದೇವತೆಗೆ ಅದೆಲ್ಲ ಲೆಕ್ಕವುಂಟೋ ಇಲ್ಲವೋ ಅವಳನ್ನು ಕೇಳಬೇಕೆನ್ನಿಸಿತು. ಯಾವ ಭಾಷೆಯಲ್ಲಿ ಕೇಳಲಿ? ಒಂದು ಗಂಟೆ ಕಳೆದು ಇವರು ಬಂದರು. ಕಣ್ಣು ಕೆಂಪಾಗಿತ್ತು. ಊದುಬತ್ತಿಯ ಹೊಗೆ ಇರಬೇಕು ಎಂದುಕೊಂಡೆ.

ನಾವು ಇಳಿದುಕೊಂಡಿದ್ದು ಅಲ್ಲಿಯ ರೀತಿಯ ಹಳೆಯ ಛತ್ರ. ಸಂಜೆ ಕೆಲಸದವಳು ಚಾಪೆಯ ನೆಲದ ಮೇಲೆ ಎರಡು ಹಾಸಿಗೆಗಳನ್ನು ಒಂದಕ್ಕೊಂದು ಅಂಟಿಸಿ ಹಾಸಿ, ನಮ್ಮನ್ನು ನೋಡಿ ನಕ್ಕು ಹೋಗುತ್ತಿದ್ದಳು. ಅವಳು ಹೋದ ಮೇಲೆ ನಾನು ನನ್ನ ಹಾಸಿಗೆಯನ್ನು ಎಳೆದು ಆಚೆಯ ಗೋಡೆಗೆ ಒತ್ತಿ ಹಾಕಿಕೊಳ್ಳುತ್ತಿದ್ದೆ. ಇವರು ನೋಡುತ್ತಿದ್ದರು, ಏನೂ ಹೇಳುತ್ತಿರಲಿಲ್ಲ. ಎಷ್ಟು ಶಿಸ್ತಿನವರು ಎಂದುಕೊಂಡೆ ಆಗ.

ನಾಲ್ಕನೆಯ ದಿನ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಿನಲ್ಲಿ ಟೋಕಿಯೋ ರೈಲು ಹತ್ತಿದೆ. ಮಾರನೆಯ ದಿನ ಅಮೆರಿಕ.

ಇಲ್ಲಿ ಬಂದ ಮೊದಲ ವಾರವೇ ಇವರು ಎರಡು ಒಂಟಿ ಮಂಚ ಕೊಂಡು ತಂದರು, ನಡುವೆ ಒಂದು ಸಣ್ಣ ಮೇಜು. ಅಮೆರಿಕದಲ್ಲಿ ಹೀಗೆಯೇ ಇರಬೇಕು ಎಂದುಕೊಂಡೆ. ಹೊರಗೆ ಎಂಬ ಆ ಪದವನ್ನು ನಾನು ಇಲ್ಲಿ ಮತ್ತೆ ಆಡಲಿಲ್ಲ. ಮಿಷಿಗನ್ನಿನ ಡಿಸೆಂಬರಿನಲ್ಲಿ ಹೊರಗೆ ಎಂದರೆ ಹಿಮ. ನಾನು ಅಡುಗೆ ಮಾಡದಿದ್ದರೆ ಮಾಡುವವರು ಯಾರು? ಮೂರು ದಿನ ದೀಪ ಹಚ್ಚದೆ ಬಿಡುತ್ತಿದ್ದೆ, ಅಷ್ಟೆ. ದೀಪ ಇದೆಯೋ ಇಲ್ಲವೋ ಎಂದು ನೋಡುವವರು ಇರಲಿಲ್ಲ. ಇವರು ಒಳ್ಳೆಯವರೇ. ದನಿ ಏರಿಸಿದವರಲ್ಲ, ಸಾರು ಉಪ್ಪಾಗಿದ್ದರೂ ಆಡಿದವರಲ್ಲ. ನನ್ನ ಹತ್ತಿರ ಬರುವ ಮುಂಚೆ ಪ್ರತಿ ಸಲವೂ, ಪಕ್ಕದ ಮನೆಯವರ ಬಾಗಿಲು ತಟ್ಟುವವರ ಹಾಗೆ, "ಪರವಾಗಿಲ್ವಾ?" ಎಂದು ಕೇಳುತ್ತಿದ್ದರು. ಕೇಳಿಸಿಕೊಂಡೇ ನನಗೆ ದಣಿವಾಗುತ್ತಿತ್ತು. ಕ್ರಮೇಣ ಕೇಳುವುದೂ ಕಡಿಮೆಯಾಯಿತು. ಊರಿನಿಂದ ಬರುವ ಕಾಗದಗಳಲ್ಲಿ "ಏನಾದರೂ ವಿಶೇಷವೇ?" ಎಂದಿರುತ್ತಿತ್ತು. ಇಲ್ಲಿ ಚಳಿ ಜಾಸ್ತಿ ಎಂದು ಉತ್ತರ ಬರೆಯುತ್ತಿದ್ದೆ.

ಎಪ್ಪತ್ತಾರರ ಮಾರ್ಚಿನ ಒಂದು ಭಾನುವಾರ ಡಾಕ್ಟರ್ ಶಿವಬಸಪ್ಪನವರು, ಅವರ ಹೆಂಡತಿ ಪ್ರಭಾವತಿ, ಏಳು ವರ್ಷದ ಮಗಳು ಮಂಜರಿ ಮಧ್ಯಾಹ್ನದ ಊಟಕ್ಕೆ ಬಂದಿದ್ದರು. ಗದಗಿನ ಕಡೆಯವರು. ಬೇಸಿಗೆಯಲ್ಲಿ ಊರಿಗೆ ಹೋಗುವಾಗ ಜಪಾನಿನಲ್ಲಿ ಇಳಿಯುವ ಯೋಚನೆ ಅವರದ್ದು. ಆದ್ದರಿಂದ ಆ ದಿನ ಇವರ ಉತ್ಸಾಹಕ್ಕೆ ಮಿತಿಯಿರಲಿಲ್ಲ. ಪರದೆ ಎಳೆದರೂ ಹೊರಗಿನ ಹಿಮದ ಬೆಳಕು ಸಂದಿಯಿಂದ ಬಂದು ಗೋಡೆಯ ಮೇಲಿನ ಚಿನ್ನದ ಮಂಟಪವನ್ನು ಬಿಳಿಚಿಸಿತ್ತು.

"ಇದು ಗೇಟ್ ನಂಬರ್ ಫೈವ್," ಎಂದರು ಇವರು.

ಮಂಜರಿ ನನ್ನ ಕಡೆ ತಿರುಗಿದಳು. "ಆಂಟಿ, ವೈ ಆರ್ ಯೂ ಆಲ್ವೇಸ್ ಔಟ್‌ಸೈಡ್?"

"ಅಂಕಲ್ ರೊಕ್ಕ ಉಳಿಸಿರಬೇಕು ಬಿಡವಾ, ಒಂದ ಟಿಕೆಟ್ ತಗೊಂಡು," ಎಂದರು ಡಾಕ್ಟರು. ಎಲ್ಲರೂ ನಕ್ಕೆವು.

"ಅಲ್ಲ ಡಾಕ್ಟ್ರೇ, ಅವರಿಗೆ ಜಪಾನ್ ಅಂದ್ರೆ ಅಷ್ಟಕ್ಕಷ್ಟೆ," ಎಂದರು ಇವರು, ಮುಂದಿನ ಸ್ಲೈಡ್ ತಳ್ಳುತ್ತ. "ಮೇ ತಿಂಗಳಲ್ಲಿ ನಮ್ಮ ಕಂಪನಿಯಿಂದ ನಾಲ್ಕು ಜನ ಎಂಜಿನಿಯರ್ಸ್‌ನ ಕ್ಯೋಟೋ ಹತ್ರದ ನಗೋಯಾಗೆ ಕಳಿಸ್ತಿದಾರೆ, ಮೂರು ವಾರ. ಹೆಂಡ್ತೀರನ್ನ ಕರ್ಕೊಂಡು ಬರಬಹುದು ಅಂದ್ರು. ನಾಳೆ ಹೆಸರು ಕೊಡಬೇಕು. ನಾನೊಬ್ನೇ ಅಂತ ಬರ್ಕೊಟ್ಬಿಡ್ತೀನಿ."

ನನಗೆ ಈ ಸುದ್ದಿಯೇ ಗೊತ್ತಿರಲಿಲ್ಲ.

"ಅಯ್ಯ, ಕೇಳೀರೇನ್ ಅವರನ್ನ?" ಎಂದರು ಪ್ರಭಾವತಿ.

"ಕೇಳೋದೇನು? ಒಂದ್ಸಲ ಕೇಳಿ ಆಗಿದೆ," ಎಂದರು. ಕಟಕ್. ಗೋಡೆಯ ಮೇಲೆ ಜಿಂಕೆ ಬಂತು. ಮಂಜರಿ ಚಪ್ಪಾಳೆ ತಟ್ಟಿದಳು.

ನಾನು ಕಾಫಿಯ ನೆವದಲ್ಲಿ ಎದ್ದು ಅಡುಗೆಮನೆಗೆ ಹೋದೆ. ಬೆನ್ನ ಹಿಂದೆಯೇ ಪ್ರಭಾವತಿ ಬಂದರು. ಅವರಿಗೆ ನನ್ನ ಮುಖ ಕಂಡಿರಬೇಕು. ಟವಲು ತೆಗೆದುಕೊಂಡು, ಒಣಗಿದ್ದ ತಟ್ಟೆಗಳನ್ನೇ ಮತ್ತೆ ಒರೆಸತೊಡಗಿದರು.

"ನಿಮಗ ಹೋಗಾಕ ಮನಸ್ಸಿಲ್ಲೇನ್ರಿ, ಕೌಸಲ್ಯಾ?"

"ಇದೆ."

"ಮತ್ತ ಆವಾಗ ಯಾಕ ಒಳಗ ಹೋಗಲಿಲ್ಲ? ಅಷ್ಟು ದೂರ ಹೋಗಿ?"

ಯಾರಿಗೂ ಹೇಳದಿದ್ದದ್ದು ಆ ಹೊತ್ತಿನಲ್ಲಿ ಬಾಯಿಗೆ ಬಂತು. "ನಾನು ಹೊರಗಿದ್ದೆ ಕಣ್ರೀ."

"ಹೊರಗಿದ್ರಿ, ಅದು ಫೋಟೋದಾಗ ಕಂಡೈತಲ್ಲ! ಯಾಕ ಹೊರಗಿದ್ರಿ ಅಂತ ಕೇಳಾಕತ್ತೀನಿ ನಾನು."

ನಾನು ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ಅವರ ಕಡೆ ನೋಡಿದೆ. ಅವರು ಚೇಷ್ಟೆ ಮಾಡುತ್ತಿರಲಿಲ್ಲ. ಅವರಿಗೆ ನಿಜವಾಗಿ ತಿಳಿದಿರಲಿಲ್ಲ.

"ಹೊರಗೆ ಅಂದ್ರೆ..." ಎಂದು ದನಿ ತಗ್ಗಿಸಿದೆ. "ತಿಂಗಳಿಂದು. ಮೂರು ದಿನ."

"ಅಯ್ಯ ಶಿವನ!" ಎಂದು ಅವರು ಟವಲನ್ನು ಬಾಯಿಗೆ ಒತ್ತಿಕೊಂಡು ನಕ್ಕರು. "ಅದಕ್ಕ ಹೊರಗ ಅಂತೀರೇನ್ರಿ ನೀವು? ನಮ್ಮ ಕಡೆ ಆಜೂಬಾಜೂ ಮನ್ಯಾಗ ಕಡಿಗಿ ಕುಂತಾಳ ಅಂತಿದ್ರು. ನಮ್ಮೊಳಗ ಅದೂ ಇಲ್ಲ. ಕೊರಳಾಗ ಲಿಂಗ ಇರತೈತಿ, ಸೂತಕ ಎಲ್ಲಿಂದ ಬರಬೇಕು? ನಮ್ಮವ್ವ ಆ ದಿನಾನೂ ಕುಂತು ಪೂಜಿ ಮಾಡಾಕಿ." ಆಮೇಲೆ ನಗು ನಿಲ್ಲಿಸಿದರು. "ನಿಮ್ಮ ಶೇಷಾದ್ರಿಯವರಿಗೆ ಗೊತ್ತಲ್ಲ ಇದು?"

"ಆವತ್ತೇ ಹೇಳಿದೆ."

"ಏನಂತ ಹೇಳಿದ್ರಿ?"

ಹಾಲು ಉಕ್ಕಿತು. ಪ್ರಭಾವತಿಯೇ ಓಡಿ ಒಲೆ ಆರಿಸಿದರು.

ಇವರ ಬಾಲ್ಯದ ವಿಷಯ ನನಗೆ ಗೊತ್ತಿಲ್ಲದ್ದೇನಲ್ಲ. ಎರಡು ವರ್ಷ ತುಂಬುವ ಮುಂಚೆ ತಾಯಿ ಹೋದರು. ಅಪ್ಪ ಗುಂತಕಲ್ಲಿನಲ್ಲಿ ರೈಲ್ವೆ ಗಾರ್ಡ್. ಮನೆಯಲ್ಲಿ ಬೇರೆ ಹೆಂಗಸರಿಲ್ಲ. ಎಂಟನೆಯ ವರ್ಷಕ್ಕೆ ಬೆಂಗಳೂರಿನ ಹುಡುಗರ ಹಾಸ್ಟೆಲ್ಲು. ಅಲ್ಲಿ ಅಡುಗೆಯವನೂ ಗಂಡಸು, ಗುಡಿಸುವವನೂ ಗಂಡಸು. ಈ ಮನುಷ್ಯನಿಗೆ ಆ ಪದವನ್ನು ಕಲಿಸಬೇಕಾಗಿದ್ದವರು ಯಾರು? ಐದು ವರ್ಷದ ಮಗುವಿಗೂ ಗೊತ್ತಿರುತ್ತದೆ ಎಂದು ನಾನು ನಂಬಿದ್ದೆ, ನಮ್ಮ ಮನೆಯ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು. ಆ "ಯಾಕೆ?" ಎಂಬುದು ಬರೀ ಯಾಕೆ ಎಂಬುದೇ ಆಗಿತ್ತು.

ಕಾಫಿ ಕುಡಿದು ಅವರು ಹೊರಟರು. ಬಾಗಿಲಲ್ಲಿ ಕೋಟು ಹಾಕಿಕೊಳ್ಳುತ್ತ ಪ್ರಭಾವತಿ ನನ್ನ ಮೊಣಕೈ ಅದುಮಿ, "ಹೇಳ್ರಿ," ಎಂದರು, ಕನ್ನಡ ಬಾರದವರಿಗೆ ಹೇಳುವಷ್ಟು ಬಿಡಿಸಿ.

ಇವರು ಹಾಲಿನಲ್ಲಿ ಪ್ರೊಜೆಕ್ಟರಿನ ವೈರು ಸುತ್ತುತ್ತಿದ್ದರು. ಪರದೆ ಇನ್ನೂ ತೆಗೆದಿರಲಿಲ್ಲ. ಮುಖ ಕಾಣದಿರುವಾಗಲೇ ಒಳ್ಳೆಯದೆನಿಸಿತು.

"ರೀ, ಕ್ಯೋಟೋದಲ್ಲಿ ನಾನು ಹೊರಗಿದೀನಿ ಅಂದ್ನಲ್ಲ, ಏನಂದ್ಕೊಂಡ್ರಿ?"

"ಏನು ಅಂದ್ಕೊಳೋದು? ಒಳಗೆ ಬರಲ್ಲ ಅಂದೆ. ಬರಲಿಲ್ಲ."

"ಹೊರಗೆ ಅಂದ್ರೆ ಪೀರಿಯಡ್ಸು." ಆ ಇಂಗ್ಲಿಷ್ ಪದವನ್ನು ನಾನು ಇವರ ಮುಂದೆ ಆಡಿದ್ದು ಅದೇ ಮೊದಲು. "ನಮ್ಮಲ್ಲಿ ಹಾಗಂತಾರೆ. ದೇವಸ್ಥಾನಕ್ಕೆ ಹೋಗಬಾರದು."

ವೈರು ಸುತ್ತುವ ಕೈ ನಿಂತಿತು.

"ಮೂರು ದಿನಾನೂ?"

"ಮೂರು ದಿನಾನೂ."

ಆಮೇಲೆ ಕೇಳಿದರು, "ಹಾಸಿಗೆ? ಗೋಡೆ ಹತ್ರ ಎಳ್ಕೊಂಡಿದ್ದು?"

"ಅದೂ ಅದಕ್ಕೇ. ಮುಟ್ಟಬಾರದು ಅಂತ."

ಇವರು ಸೋಫಾದ ತುದಿಯಲ್ಲಿ ಕುಳಿತರು, ಅರ್ಧ ಸುತ್ತಿದ ವೈರು ಕೈಯಲ್ಲೇ ಇತ್ತು. "ಬಲವಂತದ ಮದುವೆ ಇರಬೇಕು ಅಂದ್ಕೊಂಡೆ," ಎಂದರು. "ನಿಮ್ಮಪ್ಪ ಒಪ್ಪಿಸಿ ಕಳಿಸಿದಾರೆ, ನಿನಗೆ ನನ್ನ ಕಂಡ್ರೆ ಆಗಲ್ಲ ಅಂತ. ಅದಕ್ಕೇ ಮಂಚ ಬೇರೆ ತಂದೆ. ನಿನಗೆ ತೊಂದರೆ ಆಗದಿರಲಿ ಅಂತ."

"ಮತ್ತೆ ಆ ಗೇಟ್ ನಂಬರ್ ತಮಾಷೆ?"

"ನಗಾಡಿಬಿಟ್ರೆ ನೋವು ಕಮ್ಮಿ ಆಗತ್ತೆ ಅಂತಿದ್ದೆ."

ನಾನು ಎದುರಿನ ಕುರ್ಚಿಯಲ್ಲಿ ಕುಳಿತೆ. ಆರು ವರ್ಷ ನಾನು ಒಂದು ಸಿಟ್ಟನ್ನು ಸಾಕಿಕೊಂಡಿದ್ದೆ. ಇವರು ಆಫೀಸಿಗೆ ಹೋದ ಮೇಲೆ, ಹಿಮ ಬೀಳುವಾಗ, ಬಟ್ಟೆ ಮಡಿಸುವಾಗ ಅದೇ ನನಗೆ ಜೊತೆ. ಈಗ ಅದನ್ನು ಯಾರ ಮೇಲೆ ಇಟ್ಟುಕೊಳ್ಳಲಿ? ತಪ್ಪು ಮಾಡಿದವರೇ ಇರಲಿಲ್ಲ. ಅಳು ಬರಲಿಲ್ಲ. ಮನೆಯಿಂದ ಒಬ್ಬರು ಸದ್ದಿಲ್ಲದೆ ಎದ್ದು ಹೋದ ಹಾಗೆ ಖಾಲಿಯೆನಿಸಿತು.

"ಆ ಉದ್ದದ ಗುಡಿ," ಎಂದರು ಇವರು. "ಸಾವಿರದ ಒಂದು ಮೂರ್ತಿ ಅಂತ ಎಲ್ಲರಿಗೂ ಹೇಳ್ತೀನಲ್ಲ. ಅಲ್ಲಿ ಗೈಡ್ ಒಂದು ಮಾತು ಹೇಳಿದ. ನೀವು ಯಾರನ್ನ ನೋಡಬೇಕು ಅಂತಿದೀರೋ ಅವರ ಮುಖ ಇದರಲ್ಲಿ ಒಂದಕ್ಕೆ ಇದ್ದೇ ಇರತ್ತೆ, ಹುಡುಕಿ ಅಂತ."

ಇವರು ವೈರನ್ನು ಪಕ್ಕಕ್ಕಿಟ್ಟರು.

"ಅಮ್ಮನ ಮುಖ ನನಗೆ ನೆನಪಿಲ್ಲ. ಫೋಟೋನೂ ಇಲ್ಲ. ಅಪ್ಪ ಒಂದೇ ಹೇಳೋರು, ನೀನು ಅವಳ ಪಡಿಯಚ್ಚು ಅಂತ. ಸರಿ, ನನ್ನ ಥರ ಇರೋದನ್ನ ಹುಡುಕಬೇಕು. ನನ್ನ ಮುಖ ನನಗೇ ಹೇಗೆ ಕಾಣತ್ತೆ? ಯಾರಾದ್ರೂ ಪಕ್ಕದಲ್ಲಿ ನಿಂತ್ಕೊಂಡು, ನನ್ನನ್ನೊಂದ್ಸಲ ಅದನ್ನೊಂದ್ಸಲ ನೋಡಿ, ಇದು ಅಂತ ಹೇಳಬೇಕಿತ್ತು. ಒಂದು ಗಂಟೆ ಆ ಕಡೆಯಿಂದ ಈ ಕಡೆ ಓಡಾಡಿದೆ."

ನಾನು ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದ ಗಂಟೆ ಅದು. ಒಂದು ಮರದ ಗೋಡೆಯ ಆಚೆ ಈಚೆ.

ಆಮೇಲೆ ಇವರು ಪರದೆ ತೆಗೆದರು, ಕ್ಯಾಲೆಂಡರನ್ನು ಮೊಳೆಗೆ ಸಿಕ್ಕಿಸಿದರು. ನಾನು ಅನ್ನ ಬಿಸಿ ಮಾಡಿದೆ. ಎದುರುಬದುರು ಕುಳಿತು ಊಟ ಮಾಡುವಾಗ ಇವರ ಮುಖವನ್ನು ನೋಡಿದೆ. ಆರು ವರ್ಷವಾದರೂ ನಾನು ಅದನ್ನು ಸರಿಯಾಗಿ ನೋಡಿರಲಿಲ್ಲವೆಂದು ತಿಳಿಯಿತು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಕೆಳದುಟಿ ತುಂಬಿಕೊಂಡಿತ್ತು, ಹೆಂಗಸರ ತುಟಿಯ ಹಾಗೆ. ಇವರು ತಲೆ ಎತ್ತಿದಾಗ ನಾನು ಹುಳಿಯ ಪಾತ್ರೆ ಮುಂದೆ ಸರಿಸಿದೆ. ಮಂಚಗಳು ಎಲ್ಲಿದ್ದವೋ ಅಲ್ಲೇ ಇದ್ದವು. ಇಷ್ಟು ದಿನ ಇದ್ದದ್ದನ್ನು ಎಲ್ಲಿಂದ ಸರಿಸಲು ಶುರು ಮಾಡಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಎಂದಿನ ಹಾಗೆ ಕಾರಿನ ಗಾಜಿನ ಹಿಮ ಕೆರೆದು ಆಫೀಸಿಗೆ ಹೋದರು. ಜಪಾನಿನ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಕೇಳಬೇಕಾಗಿತ್ತು, ಆದರೆ ಅದು ಹೇಗೆ ಎಂಬುದೇ ತಿಳಿಯಲಿಲ್ಲ. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಕಿಟಕಿಯಲ್ಲಿ ನಿಂತಿದ್ದೆ.

ಹತ್ತು ಗಂಟೆಗೆ ಫೋನ್ ಬಂತು. ಆಫೀಸಿನಿಂದ ಇವರು ಯಾವತ್ತೂ ಫೋನ್ ಮಾಡಿದವರಲ್ಲ. ಏನೋ ಅಪಘಾತವಿರಬೇಕೆಂದುಕೊಂಡೆ.

"ಫಾರ್ಮ್ ಇದೆ ನನ್ನ ಮುಂದೆ," ಎಂದರು. "ನಿನ್ನ ಪಾಸ್‌ಪೋರ್ಟ್ ನಂಬರ್ ಬೇಕು." ಒಂದು ಕ್ಷಣ ಬಿಟ್ಟು, "ಬರ್ತೀಯಲ್ಲ?" ಎಂದರು.

"ಬರ್ತೀನಿ," ಎಂದೆ. ಈ ಸಲ ಬಾಯಿಬಿಟ್ಟು ಹೇಳಿದೆ.

ಟ್ರಂಕಿನ ತಳದಿಂದ ಪಾಸ್‌ಪೋರ್ಟ್ ತೆಗೆದುಕೊಂಡು ಬಂದು ಅಂಕಿಗಳನ್ನು ಒಂದೊಂದಾಗಿ ಓದಿದೆ. ಇವರು ಒಂದೊಂದನ್ನೂ ಮತ್ತೆ ಹೇಳಿ ಬರೆದುಕೊಂಡರು. ಎಲ್ಲ ಮುಗಿಯಿತು. ಇನ್ನು ಇಡುತ್ತಾರೆ ಎಂದುಕೊಂಡೆ. ಆ ಕಡೆ ಯಾರೋ ಟೈಪ್ ಮಾಡುವ ಸದ್ದು ಕೇಳುತ್ತಲೇ ಇತ್ತು. ನನಗೂ ಇಡಲು ಮನಸ್ಸು ಬರಲಿಲ್ಲ.

"ಊಟ ಆಯ್ತಾ?" ಎಂದರು.

"ಇನ್ನೂ ಹತ್ತು ಗಂಟೆ ಅಲ್ವೇನ್ರೀ?"

"ಹೌದಲ್ಲ," ಎಂದರು. ಆದರೂ ಫೋನ್ ಇಡಲಿಲ್ಲ.